ಅಕ್ಷಿಪಟಲ: ಕಣ್ಣಿನೊಳಗೊಂದು ಮಿದುಳಿನ ತುಣುಕು

ಬೇಸಿಗೆಯ ಒಂದು ಮಧ್ಯಾಹ್ನ. ಕಲಬುರಗಿ ಜಿಲ್ಲೆಯ ಕೊಡ್ಲಿಯಂಥ ಊರಿನಲ್ಲಿ ಅಂಗಳದಿಂದ ಮನೆಯೊಳಗೆ ಕಾಲಿಡುತ್ತಿದ್ದೀರಿ ಎಂದುಕೊಳ್ಳಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ – ಈ ಸೀಮೆ ಸುಣ್ಣಕಲ್ಲಿನದು. ಅಂಗಳಕ್ಕೆ ಹಾಸಿದ ಫರಸಿಯ ಮೇಲೆ ಬಿದ್ದ ಬಿಸಿಲು ಕಣ್ಣು ಕುಕ್ಕುತ್ತದೆ. ಒಳಗೆ ದಪ್ಪ ಕಲ್ಲಿನ ಗೋಡೆ, ಅಂಗೈಯಗಲದ ಕಿಟಕಿ. ಹೊಸ್ತಿಲು ದಾಟಿದೊಡನೆ ಏನೂ ಕಾಣದು. ತುಸು ಹೊತ್ತು ಕುಳಿತರೆ ಮೂಲೆಯ ಜೋಳದ ಚೀಲ, ಗೂಟಕ್ಕೆ ಹಾಕಿದ ಅಂಗಿ, ಆಮೇಲೆ ನೀರಿನ ಕೊಡದ ಅಂಚು ಕೂಡ ಒಂದೊಂದಾಗಿ ತೋರತೊಡಗುತ್ತವೆ. ಯಾರೂ ದೀಪ ಹಚ್ಚಿಲ್ಲ. ಹಾಗಾದರೆ ಬದಲಾದುದು ಏನು?

ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಒಂದೇ: 'ಪಾಪೆ ಹಿಗ್ಗಿತು, ಸರ್'. ತಪ್ಪಲ್ಲ, ಆದರೆ ಲೆಕ್ಕ ಹಾಕಿ ನೋಡಿ. ಪಾಪೆಯ ವ್ಯಾಸ ಬಿಸಿಲಿನಲ್ಲಿ ಸುಮಾರು 2 ಮಿಲಿಮೀಟರ್, ಕತ್ತಲೆಯಲ್ಲಿ ಹೆಚ್ಚೆಂದರೆ 8 ಮಿಲಿಮೀಟರ್. ವ್ಯಾಸ ನಾಲ್ಕು ಪಟ್ಟಾದರೆ ಒಳಬರುವ ಬೆಳಕು ಹದಿನಾರು ಪಟ್ಟು, ಅಷ್ಟೇ. ಅಂಗಳದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಒಳಗಿನ ಬೆಳಕು 10 ಲಕ್ಸ್ ಇದ್ದೀತು. ಅಂತರ ಹತ್ತು ಸಾವಿರ ಪಟ್ಟು. ಅಮಾವಾಸ್ಯೆಯ ರಾತ್ರಿ ಬರೀ ನಕ್ಷತ್ರಗಳ ಬೆಳಕಿನಲ್ಲಿ ಹೊಲದ ಬದುವಿನ ಮೇಲೆ ನಡೆಯುವವನಿಗೆ ಸಿಗುವ ಬೆಳಕು ಬಿಸಿಲಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಪಾಪೆ ತನ್ನ ಹದಿನಾರು ಪಟ್ಟನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಿಬಿಡುತ್ತದೆ. ಉಳಿದದ್ದನ್ನೆಲ್ಲ ನಿಭಾಯಿಸುವುದು ಕಣ್ಣಿನ ಹಿಂಬದಿಯ ಒಳಮೈಗೆ ಅಂಟಿಕೊಂಡಿರುವ, ಕಾಲು ಮಿಲಿಮೀಟರಿನಷ್ಟು ತೆಳ್ಳಗಿನ ಪೊರೆ. ಅದೇ ಅಕ್ಷಿಪಟಲ ಅಥವಾ ರೆಟಿನಾ. ಬಿಡಿಸಿ ಹರಡಿದರೆ ಸುಮಾರು 11 ಚದರ ಸೆಂಟಿಮೀಟರ್, ದೊಡ್ಡದೊಂದು ಅಂಚೆಚೀಟಿಯಷ್ಟು.

ಕಣ್ಣು ಕ್ಯಾಮೆರಾ, ಅಕ್ಷಿಪಟಲ ಅದರ ಫಿಲ್ಮು ಎಂದು ಇಪ್ಪತ್ತೈದು ವರ್ಷ ಪಾಠ ಹೇಳಿದವರಲ್ಲಿ ನಾನೂ ಒಬ್ಬ. ಮಸೂರದ ಪಾಠಕ್ಕೆ ಆ ಹೋಲಿಕೆ ಸಾಕು. ಅಲ್ಲಿಂದ ಮುಂದೆ ಅದು ದಾರಿ ತಪ್ಪಿಸುತ್ತದೆ. ಭ್ರೂಣಕ್ಕೆ ನಾಲ್ಕನೆಯ ವಾರ ನಡೆಯುತ್ತಿರುವಾಗ ಮುಂಮಿದುಳಿನ ಎರಡೂ ಬದಿಗಳಿಂದ ಎರಡು ಮೊಗ್ಗುಗಳು ಹೊರಚಾಚುತ್ತವೆ. ಅವು ಬಟ್ಟಲಿನಂತೆ ಒಳಮಡಿಸಿಕೊಂಡು ಅಕ್ಷಿಪಟಲವಾಗುತ್ತವೆ. ಹೀಗಾಗಿ ಅಕ್ಷಿಪಟಲವೆಂಬುದು ಬೆಳಕಿನ ಕಡೆಗೆ ಹೊರಬಂದ ಮಿದುಳಿನದೇ ಭಾಗ. ಮಿದುಳಿನ ನರಕೋಶಗಳಂತೆ ಇದರ ಕೋಶಗಳೂ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಲೇಖನದ ಕೊನೆಯಲ್ಲಿ ಬೇಕಾಗುತ್ತದೆ.

ತಿರುವುಮುರುವಾದ ಕಟ್ಟಡ

ಅಕ್ಷಿಪಟಲದಲ್ಲಿ ನರಕೋಶಗಳ ಮೂರು ಮುಖ್ಯ ಪದರಗಳಿವೆ. ಬೆಳಕನ್ನು ಹಿಡಿಯುವ ಗ್ರಾಹಕ ಕೋಶಗಳು ಒಂದು ಪದರ. ಅವುಗಳಿಂದ ಸಂಕೇತ ಪಡೆಯುವ ದ್ವಿಧ್ರುವ ಕೋಶಗಳು ಎರಡನೆಯದು. ಅವುಗಳಿಂದ ಪಡೆದುದನ್ನು ಮಿದುಳಿಗೆ ರವಾನಿಸುವ ಗ್ಯಾಂಗ್ಲಿಯಾನ್ ಕೋಶಗಳು ಮೂರನೆಯದು. ಇವುಗಳ ನಡುವೆ ಅಡ್ಡಡ್ಡಲಾಗಿ ಹೆಣೆದುಕೊಂಡ ಇನ್ನೆರಡು ಬಗೆಯ ಕೋಶಗಳಿವೆ; ಅವು ಅಕ್ಕಪಕ್ಕದ ಸಂಕೇತಗಳನ್ನು ಒಂದಕ್ಕೊಂದು ಹೋಲಿಸುವ ಕೆಲಸ ಮಾಡುತ್ತವೆ.

ಬೆಳಕು ಮೊದಲು ಗ್ರಾಹಕ ಕೋಶಗಳಿಗೆ ತಾಗಬೇಕಲ್ಲವೆ? ಹಾಗಿಲ್ಲ. ಕಣ್ಣಿನೊಳಗೆ ಬಂದ ಬೆಳಕಿಗೆ ಮೊದಲು ಎದುರಾಗುವುದು ಗ್ಯಾಂಗ್ಲಿಯಾನ್ ಕೋಶ, ಅದರ ತಂತುಗಳು, ರಕ್ತನಾಳಗಳು. ಅವೆಲ್ಲವನ್ನೂ ದಾಟಿ ಕಟ್ಟಕಡೆಯಲ್ಲಿರುವ ಗ್ರಾಹಕ ಕೋಶವನ್ನು ಬೆಳಕು ತಲುಪಬೇಕು. ಅದೂ ಸಾಲದೆಂಬಂತೆ ಗ್ರಾಹಕ ಕೋಶದ ಬೆಳಕು ಹಿಡಿಯುವ ತುದಿ ಬೆಳಕಿಗೆ ಬೆನ್ನು ತಿರುಗಿಸಿ ನಿಂತಿದೆ! ಯಾವ ಎಂಜಿನಿಯರನೂ ಕ್ಯಾಮೆರಾವನ್ನು ಹೀಗೆ ಕಟ್ಟಲಾರ.

ಇದಕ್ಕೆ ಕಾರಣ ಗ್ರಾಹಕ ಕೋಶಗಳ ಹಿಂದಿರುವ ಕಪ್ಪು ವರ್ಣಕ ಪದರದಲ್ಲಿ ಸಿಗುತ್ತದೆ. ಗ್ರಾಹಕ ಕೋಶದ ತುದಿಯಲ್ಲಿ ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಸಾವಿರದಷ್ಟು ತಟ್ಟೆಗಳಿರುತ್ತವೆ. ಬೆಳಕಿನ ಹೊಡೆತಕ್ಕೆ ಇವು ಸವೆಯುತ್ತವೆ. ವರ್ಣಕ ಪದರ ದಿನವೂ ಹತ್ತರಲ್ಲಿ ಒಂದು ಪಾಲಿನಷ್ಟು ಹಳೆಯ ತಟ್ಟೆಗಳನ್ನು ತುದಿಯಿಂದ ಕತ್ತರಿಸಿ ಅರಗಿಸಿಕೊಳ್ಳುತ್ತದೆ. ಬುಡದಲ್ಲಿ ಹೊಸವು ಹುಟ್ಟುತ್ತವೆ. ಬೆಳಕು ಬಿದ್ದು ಬಣ್ಣಗೆಟ್ಟ ರಾಸಾಯನಿಕವನ್ನು ಮತ್ತೆ ಸಜ್ಜುಗೊಳಿಸುವುದೂ ಈ ಪದರವೇ. ಅದರ ಹಿಂದೆ ರಕ್ತ ತುಂಬಿ ಹರಿಯುವ ಕೋರಾಯ್ಡ್ ಪದರವಿದೆ. ಗ್ರಾಹಕ ಕೋಶಗಳು ಅಡುಗೆಮನೆಗೆ ಅಂಟಿಕೊಂಡು ಕುಳಿತಿವೆ ಎನ್ನಿ. ಮುಂದಿರುವ ಕೋಶಗಳು ಬಹುಪಾಲು ಪಾರದರ್ಶಕವಾಗಿರುವುದರಿಂದ ನಷ್ಟ ಅಲ್ಪ.

ಒಂದು ಫೋಟಾನಿನ ಲೆಕ್ಕ

ಗ್ರಾಹಕ ಕೋಶಗಳಲ್ಲಿ ಎರಡು ಜಾತಿ. ಮಂದ ಬೆಳಕಿಗೆ ದಂಡಕೋಶಗಳು; ಒಂದು ಕಣ್ಣಿನಲ್ಲಿ ಸುಮಾರು 9ರಿಂದ 12 ಕೋಟಿ. ಹೆಚ್ಚು ಬೆಳಕಿಗೆ ಮತ್ತು ಬಣ್ಣಕ್ಕೆ ಶಂಕುಕೋಶಗಳು. ಸುಮಾರು 45ರಿಂದ 60 ಲಕ್ಷ.

ದಂಡಕೋಶದ ತಟ್ಟೆಗಳಲ್ಲಿ ರೊಡಾಪ್ಸಿನ್ ಎಂಬ ವರ್ಣಕವಿದೆ. ಒಂದು ಕೋಶದಲ್ಲಿ ಅದರ ಹತ್ತು ಕೋಟಿಯಷ್ಟು ಅಣುಗಳು. ಪ್ರತಿ ಅಣುವಿನಲ್ಲೂ ಆಪ್ಸಿನ್ ಎಂಬ ಪ್ರೋಟೀನು, ಅದರ ಮಡಿಲಲ್ಲಿ ವಿಟಮಿನ್ ಎ ಇಂದ ಬಂದ ರೆಟಿನಾಲ್ ಎಂಬ ಡೊಂಕು ಸರಪಳಿ. ಫೋಟಾನು ತಾಗಿದರೆ ಈ ಡೊಂಕು ನೆಟ್ಟಗಾಗುತ್ತದೆ. ಇದಕ್ಕೆ ತಗಲುವ ಕಾಲ ಒಂದು ಸೆಕೆಂಡಿನ ಲಕ್ಷ ಕೋಟಿ ಭಾಗಕ್ಕಿಂತ ಕಡಿಮೆ. ನೋಟದಲ್ಲಿ ಬೆಳಕಿನ ಪಾತ್ರ ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ರಸಾಯನ ಮತ್ತು ವಿದ್ಯುತ್ತು.

ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕ ಮಾಡಬೇಕು. 500 ನ್ಯಾನೊಮೀಟರ್ ತರಂಗದೂರದ ಫೋಟಾನಿನ ಶಕ್ತಿ ಸುಮಾರು 2.5 ಎಲೆಕ್ಟ್ರಾನ್ ವೋಲ್ಟ್. ದೇಹದ 37 ಡಿಗ್ರಿ ಉಷ್ಣತೆಯಲ್ಲಿ ಅಣುಗಳ ಸಾಮಾನ್ಯ ಅಲುಗಾಟದ ಶಕ್ತಿಯಾದ ಕೆ-ಟಿ ಸುಮಾರು 0.027 ಎಲೆಕ್ಟ್ರಾನ್ ವೋಲ್ಟ್. ತೊಂಬತ್ತು ಪಟ್ಟು ಅಂತರ! ಆದ್ದರಿಂದಲೇ ಬರೀ ದೇಹದ ಬಿಸಿಗೆ ರೊಡಾಪ್ಸಿನ್ ಅಣು ತಾನಾಗಿ ನೆಟ್ಟಗಾಗುವುದು ಬಲು ಅಪರೂಪ. ಒಂದೇ ಅಣುವನ್ನು ಕಾಯುತ್ತ ಕುಳಿತರೆ ನೂರಾರು ವರ್ಷ ಕಾಯಬೇಕು. ಕೋಶದಲ್ಲಿ ಸದ್ದು ಕಡಿಮೆ ಇರುವುದರಿಂದ ಪಿಸುಮಾತೂ ಕೇಳಿಸುತ್ತದೆ. ಹೆಕ್ಟ್, ಶ್ಲೇಯರ್, ಪಿರೆನ್ ಎಂಬ ಮೂವರು 1942ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕತ್ತಲೆಗೆ ಒಗ್ಗಿದ ಕಣ್ಣಿನ ದಂಡಕೋಶಗಳು ಐದರಿಂದ ಹದಿನಾಲ್ಕು ಫೋಟಾನುಗಳನ್ನು ಹೀರಿದರೆ ಸಾಕು, ಮಿಂಚು ಕಂಡಿತೆಂದು ಮನುಷ್ಯ ಹೇಳಬಲ್ಲ ಎಂದು ತಿಳಿಯಿತು. ಆ ಫೋಟಾನುಗಳು ಐನೂರರಷ್ಟು ಕೋಶಗಳ ಮೇಲೆ ಚದುರಿ ಬಿದ್ದಿದ್ದವು. ಅಂದರೆ ಒಂದು ಕೋಶಕ್ಕೆ ಒಂದೇ ಫೋಟಾನು ಸಾಕು.

ಇನ್ನೊಂದು ವಿಚಿತ್ರವಿದೆ. ದಂಡಕೋಶದಲ್ಲಿ ವಿದ್ಯುತ್ತು ಹರಿಯುವುದು ಕತ್ತಲೆಯಲ್ಲಿ! ಬೆಳಕಿಲ್ಲದಾಗ ಅದರ ಪೊರೆಯ ಬಾಗಿಲುಗಳು ತೆರೆದಿದ್ದು ಸೋಡಿಯಂ ಅಯಾನುಗಳು ಒಳಬರುತ್ತಲೇ ಇರುತ್ತವೆ. ಬೆಳಕು ಬಿದ್ದಾಗ ಬಾಗಿಲು ಮುಚ್ಚಿಕೊಳ್ಳುತ್ತವೆ, ಪ್ರವಾಹ ತಗ್ಗುತ್ತದೆ, ಮುಂದಿನ ಕೋಶಕ್ಕೆ ಹೋಗುತ್ತಿದ್ದ ರಾಸಾಯನಿಕವೂ ತಗ್ಗುತ್ತದೆ. ಹೀಗೆ ತಗ್ಗುವುದೇ ಸುದ್ದಿ.

ಈಗ ಕೊಡ್ಲಿಯ ಮನೆಯೊಳಕ್ಕೆ ಮರಳೋಣ. ಅಂಗಳದ ಬಿಸಿಲಿನಲ್ಲಿ ನಿಮ್ಮ ರೊಡಾಪ್ಸಿನ್ ಬಹುಪಾಲು ಬಣ್ಣಗೆಟ್ಟಿತ್ತು. ನೆರಳಿಗೆ ಬಂದಾಗ ಮೊದಲ ಐದು-ಹತ್ತು ನಿಮಿಷಗಳಲ್ಲಿ ಶಂಕುಕೋಶಗಳು ಚೇತರಿಸಿಕೊಂಡವು. ಆಮೇಲೆ ದಂಡಕೋಶಗಳ ಸರದಿ. ಅವು ಪೂರ್ತಿ ಸಜ್ಜಾಗಲು ಅರ್ಧ ಗಂಟೆಗೂ ಮೇಲೆ ಬೇಕು. ವಿಟಮಿನ್ ಎ ಕೊರತೆಯಾದರೆ ರೊಡಾಪ್ಸಿನ್ ಮರುಹುಟ್ಟುವುದಿಲ್ಲ. ಸಂಜೆಯಾದೊಡನೆ ಮಗು ತಡವರಿಸುತ್ತದೆ. ನಮ್ಮ ಹಿರಿಯರು ಇದಕ್ಕೆ ಇರುಳುಗಣ್ಣು ಎಂದರು. ಅಕ್ಷಿಪಟಲದಲ್ಲಿ ವಿಟಮಿನ್ ಎ ಇದೆಯೆಂದು 1933ರಲ್ಲಿ ಕಂಡುಕೊಂಡ ಜಾರ್ಜ್ ವಾಲ್ಡ್‌ಗೆ 1967ರಲ್ಲಿ ಗ್ರಾನಿಟ್ ಮತ್ತು ಹಾರ್ಟ್‌ಲೈನ್ ಜೊತೆ ನೊಬೆಲ್ ಬಹುಮಾನ ಬಂತು. 1970ರಲ್ಲಿ ಭಾರತ ಸರ್ಕಾರ ಚಿಕ್ಕಮಕ್ಕಳಿಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ದ್ರಾವಣ ಕುಡಿಸುವ ಕಾರ್ಯಕ್ರಮ ಆರಂಭಿಸಿತು. ನುಗ್ಗೆಸೊಪ್ಪು, ಪುಂಡಿಪಲ್ಯ, ಪಪಾಯಿ ತಟ್ಟೆಗೆ ಬಂದರೆ ದ್ರಾವಣದ ಕೆಲಸ ಇನ್ನಷ್ಟು ಹಗುರ.

ನೋಟದ ನಡುಮನೆ

ಹೆಬ್ಬೆರಳನ್ನು ತೋಳುದ್ದಕ್ಕೆ ಚಾಚಿ ಉಗುರನ್ನು ನೋಡಿ. ನೀವು ಸ್ಪಷ್ಟವಾಗಿ, ಅಕ್ಷರ ಓದುವಷ್ಟು ಚೆನ್ನಾಗಿ ನೋಡಬಲ್ಲ ಜಾಗ ಹೆಚ್ಚುಕಡಿಮೆ ಅಷ್ಟೇ, ಎರಡು ಡಿಗ್ರಿ. ಉಳಿದುದೆಲ್ಲ ಮಸುಕು. ಕಣ್ಣು ಸದಾ ಜಿಗಿಯುತ್ತಿರುವುದರಿಂದ ನಮಗೆ ಇದು ತಿಳಿಯುವುದಿಲ್ಲ. ಈ ಸಾಲಿನ ಒಂದು ಪದದ ಮೇಲೆ ದೃಷ್ಟಿ ನೆಟ್ಟು, ಕದಲಿಸದೆ, ನಾಲ್ಕನೆಯ ಪದ ಓದಲು ಪ್ರಯತ್ನಿಸಿ.

ಆ ಎರಡು ಡಿಗ್ರಿಯ ಬಿಂಬ ಬೀಳುವುದು ಪೀತಬಿಂದುವಿನ ನಡುವೆ ಇರುವ ಫೋವಿಯ ಎಂಬ ಗುಳಿಯ ಮೇಲೆ. ಅಲ್ಲಿ ಮುಂದಿನ ಪದರಗಳು ಬದಿಗೆ ಸರಿದು ಬೆಳಕಿಗೆ ದಾರಿ ಬಿಟ್ಟಿವೆ. ನಟ್ಟನಡುವೆ ದಂಡಕೋಶಗಳೂ ಇಲ್ಲ, ರಕ್ತನಾಳಗಳೂ ಇಲ್ಲ. ಬರೀ ಶಂಕುಕೋಶಗಳು, ಒಂದು ಚದರ ಮಿಲಿಮೀಟರಿಗೆ ಎರಡು ಲಕ್ಷದಷ್ಟು. ಅಕ್ಕಪಕ್ಕದ ಎರಡು ಶಂಕುಗಳ ನಡುವಿನ ಅಂತರ ಸುಮಾರು 2.5 ಮೈಕ್ರೊಮೀಟರ್. ಕಣ್ಣಿನ ಪರಿಣಾಮಕಾರಿ ಸಂಗಮದೂರ 17 ಮಿಲಿಮೀಟರ್. ಭಾಗಿಸಿದರೆ ಒಂದು ಶಂಕುವಿನ ಪಾಲಿಗೆ ಬರುವ ಕೋನ ಅರ್ಧ ಕಲೆ, ಅಂದರೆ ಒಂದು ಡಿಗ್ರಿಯ ನೂರಿಪ್ಪತ್ತನೆಯ ಒಂದು ಭಾಗ. ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಕಾಣಲು ನಡುವೆ ಒಂದು ಖಾಲಿ ಶಂಕು ಬೇಕು. ಆಗ ಮಿತಿ ಒಂದು ಕಲೆ. ಇತ್ತ ಪಾಪೆಯ ವ್ಯಾಸ 2ರಿಂದ 3 ಮಿಲಿಮೀಟರ್ ಇರುವಾಗ ವಿವರ್ತನೆಯಿಂದ ಬರುವ ಮಿತಿಯೂ ಒಂದು ಕಲೆಯ ಆಸುಪಾಸು. ಶಂಕುಗಳು ಇನ್ನಷ್ಟು ಒತ್ತೊತ್ತಾಗಿದ್ದರೂ ಲಾಭವಿರಲಿಲ್ಲ. ಬೆಳಕಿನ ತರಂಗಗುಣವೇ ಅಡ್ಡ ಬರುತ್ತಿತ್ತು. ನನಗೆ ಇದಕ್ಕಿಂತ ಚೆಂದದ ಹೊಂದಾಣಿಕೆ ಬೇರೆಡೆ ಕಂಡಿಲ್ಲ. ವಿವರ್ತನೆಯ ಪಾಠದಲ್ಲಿ ದೂರದರ್ಶಕದ ಜೊತೆ ಈ ಲೆಕ್ಕವನ್ನೂ ಮಾಡಿಸಿ.

ಫೋವಿಯದಲ್ಲಿ ದಂಡಕೋಶ ಇಲ್ಲದಿರುವುದಕ್ಕೆ ಪುರಾವೆ ಆಕಾಶದಲ್ಲಿದೆ. ಕೊಡ್ಲಿಯಂಥ ಊರಿನ ಕತ್ತಲ ರಾತ್ರಿ ಮಂಕಾದ ನಕ್ಷತ್ರವೊಂದನ್ನು ನೇರ ದಿಟ್ಟಿಸಿದರೆ ಅದು ಮಾಯವಾಗುತ್ತದೆ. ತುಸು ಪಕ್ಕಕ್ಕೆ ನೋಡಿದರೆ ಮತ್ತೆ ಕಾಣುತ್ತದೆ. ಕೃತ್ತಿಕಾ ಪುಂಜದಲ್ಲಿ ಇದನ್ನು ಪರೀಕ್ಷಿಸಬಹುದು. ಇನ್ನು ದಂಡಕೋಶಗಳಲ್ಲಿ ಒಂದೇ ಬಗೆಯ ವರ್ಣಕವಿರುವುದರಿಂದ ಅವು ಬಣ್ಣ ಬೇರ್ಪಡಿಸಲಾರವು, ಕೆಂಪಿಗಂತೂ ಬಹುತೇಕ ಕುರುಡು. ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಕಪ್ಪಾಗಿ, ಅದರ ಹಸಿರೆಲೆ ಇನ್ನೂ ತಿಳಿಯಾಗಿ ತೋರುವುದು ಅದಕ್ಕೇ.

ನೂರು ಮಾತಿಗೆ ಒಂದು ಮಾತು

ಗ್ರಾಹಕ ಕೋಶಗಳು ಹತ್ತು ಕೋಟಿಯ ಸುತ್ತಮುತ್ತ. ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ತಂತುಗಳು ಕೇವಲ ಹತ್ತು-ಹನ್ನೆರಡು ಲಕ್ಷ. ನೂರು ಜನರ ವರದಿಯನ್ನು ಒಬ್ಬ ಒಯ್ಯಬೇಕು! ಫೋವಿಯದಲ್ಲಿ ಈ ಇಕ್ಕಟ್ಟು ಇಲ್ಲ. ಒಂದು ಶಂಕುವಿಗೆ ಕಡೇಪಕ್ಷ ಒಂದು ಖಾಸಗಿ ತಂತು ಉಂಟು. ಅಂಚಿನಲ್ಲಿ ನೂರಾರು ದಂಡಕೋಶಗಳು ಒಂದೇ ತಂತುವಿಗೆ ಬಂದು ಸೇರುತ್ತವೆ. ಇದರಿಂದ ಮಂದ ಬೆಳಕು ಸಿಕ್ಕೀತು, ಆದರೆ ವಿವರ ಹೋಗುತ್ತದೆ.

ಹಾಗಾದರೆ ವರದಿಯಲ್ಲಿ ಏನನ್ನು ಬರೆಯುವುದು, ಏನನ್ನು ಬಿಡುವುದು? ಸ್ಟೀಫನ್ ಕಫ್ಲರ್ 1953ರಲ್ಲಿ ಬೆಕ್ಕಿನ ಅಕ್ಷಿಪಟಲದ ಮೇಲೆ ಪ್ರಕಟಿಸಿದ ಕೆಲಸ ಇದನ್ನು ತೋರಿಸಿಕೊಟ್ಟಿತು. ಪ್ರತಿಯೊಂದು ಗ್ಯಾಂಗ್ಲಿಯಾನ್ ಕೋಶ ತನ್ನ ಪಾಲಿನ ಪುಟ್ಟ ವೃತ್ತದ ನಡುವಿನ ಬೆಳಕನ್ನು ಅದರ ಸುತ್ತಲಿನ ಬೆಳಕಿನೊಂದಿಗೆ ಹೋಲಿಸುತ್ತದೆ. ಎರಡೂ ಸಮವಿದ್ದರೆ ಹೇಳುವಂಥದೇನಿಲ್ಲ. ವ್ಯತ್ಯಾಸವಿದ್ದಾಗ ಅದು ಚುರುಕಾಗುತ್ತದೆ. ಅಂದರೆ ಅಕ್ಷಿಪಟಲ ಬೆಳಕನ್ನು ಅಳೆದು ಕಳಿಸುವುದಕ್ಕಿಂತ ಹೆಚ್ಚಾಗಿ ಅಂಚುಗಳನ್ನು ಹುಡುಕಿ ಕಳಿಸುತ್ತದೆ.

ಶಾಲೆಯ ಕಪ್ಪು ಪಾಟಿಯನ್ನು ಬಿಸಿಲಿನಲ್ಲಿಡಿ. ಅದು ಬಿದ್ದ ಬೆಳಕಿನ ನೂರಕ್ಕೆ ಐದನ್ನು ಪ್ರತಿಫಲಿಸುತ್ತದೆ ಎನ್ನೋಣ. 1 ಲಕ್ಷ ಲಕ್ಸಿನಲ್ಲಿ 5,000. ತರಗತಿಯೊಳಗೆ 200 ಲಕ್ಸ್ ಬೆಳಕಿನಲ್ಲಿರುವ ಬಿಳಿ ಹಾಳೆ ನೂರಕ್ಕೆ ಎಂಬತ್ತನ್ನು ಪ್ರತಿಫಲಿಸಿದರೂ 160. ಬಿಸಿಲಿನ ಕಪ್ಪು ಪಾಟಿಯಿಂದ ಒಳಗಿನ ಬಿಳಿ ಹಾಳೆಗಿಂತ ಮೂವತ್ತು ಪಟ್ಟು ಹೆಚ್ಚು ಬೆಳಕು ಬರುತ್ತಿದೆ. ಆದರೂ ಪಾಟಿ ಕಪ್ಪಾಗಿಯೇ, ಹಾಳೆ ಬಿಳಿಯಾಗಿಯೇ ಕಾಣುತ್ತದೆ. ಬೆಳಕುಮಾಪಕ ಕೊಡುವ ಉತ್ತರವೇ ಬೇರೆ. ಫಿಲ್ಮಿನ ಹೋಲಿಕೆ ಮುರಿದುಬೀಳುವುದು ಇಲ್ಲಿ.

ಕುರುಡು ಚುಕ್ಕೆ ಮತ್ತು ರಕ್ತನಾಳಗಳ ಮರ

ಗ್ಯಾಂಗ್ಲಿಯಾನ್ ತಂತುಗಳು ಅಕ್ಷಿಪಟಲದ ಮುಂಬದಿಯಲ್ಲಿ ಇರುವುದರಿಂದ ಹೊರಗೆ ಹೋಗಲು ಅದನ್ನೇ ತೂರಬೇಕು. ತೂರುವ ಜಾಗದಲ್ಲಿ ಗ್ರಾಹಕ ಕೋಶಗಳಿಲ್ಲ. ಫ್ರಾನ್ಸಿನ ಮಾರಿಯೋಟ್ 1668ರಲ್ಲಿ ಪ್ರಕಟಿಸಿದ ಪ್ರಯೋಗ ಇದು: ಹಾಳೆಯ ಮೇಲೆ ಒಂದು ಗುಣಿಸು ಗುರುತು, ಅದರ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಒಂದು ಸೆಂಟಿಮೀಟರ್ ಅಗಲದ ಕಪ್ಪು ಚುಕ್ಕೆ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುಣಿಸು ಗುರುತನ್ನೇ ನೋಡುತ್ತ ಹಾಳೆಯನ್ನು ಹಿಂದೆಮುಂದೆ ಸರಿಸಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯ! ದೂರ ಮತ್ತು ಅಂತರ ಅಳೆದು ಸ್ಪರ್ಶಕ ಕೋಷ್ಟಕ ನೋಡಿದರೆ ಕೋನ 15 ಡಿಗ್ರಿಯ ಹತ್ತಿರ ಬರುತ್ತದೆ. ಈ ಕುರುಡು ಜಾಗದ ಅಗಲ ಐದು ಡಿಗ್ರಿಗೂ ಹೆಚ್ಚು. ಹತ್ತು ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಅಲ್ಲಿ ಅಡಗಿಸಬಹುದು.

ಅಕ್ಷಿಪಟಲದ ರಕ್ತನಾಳಗಳು ಒಳಬರುವುದೂ ಇದೇ ಬಾಗಿಲಿನಿಂದ. ಅಲ್ಲಿಂದ ಮರದ ಕೊಂಬೆಗಳಂತೆ ಕವಲೊಡೆದು ಅಂಚಿನವರೆಗೆ ಹಬ್ಬುತ್ತವೆ. ಗರ್ಭದಲ್ಲಿ ಈ ಹಬ್ಬುವಿಕೆ ಆರಂಭವಾಗುವುದು ಸುಮಾರು 16ನೆಯ ವಾರದಲ್ಲಿ. ಮೂಗಿನ ಬದಿಯ ಅಂಚನ್ನು ಮುಟ್ಟುವುದು 36ನೆಯ ವಾರ, ಕಪಾಲದ ಬದಿಯ ಅಂಚನ್ನು ಮುಟ್ಟುವುದು 40ನೆಯ ವಾರದ ಹೊತ್ತಿಗೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಕೆಲಸ ಮುಗಿದಿರುತ್ತದೆ. 28 ವಾರಕ್ಕೆ ಹುಟ್ಟಿದ ಮಗುವಿನಲ್ಲಿ?

ನನ್ನ ಬಳಗದ ಮನೆಯೊಂದರಲ್ಲಿ ಏಳು ತಿಂಗಳಿಗೇ ಹುಟ್ಟಿದ ಕೂಸು ಬದುಕಿ ಮನೆಗೆ ಬಂತು. ಎಲ್ಲರೂ ತೂಕದ ಲೆಕ್ಕ ಇಟ್ಟರು. ಕಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೂಸು ದೀಪದ ಕಡೆ ತಿರುಗುವುದಿಲ್ಲವೆಂದು ಅಜ್ಜಿ ಹೇಳಿದ್ದು ಐದನೆಯ ತಿಂಗಳಲ್ಲಿ. ಅಷ್ಟರಲ್ಲಿ ಎರಡೂ ಅಕ್ಷಿಪಟಲಗಳು ಕಳಚಿದ್ದವು.

ಆದದ್ದು ಇಷ್ಟು. ಗರ್ಭದೊಳಗೆ ಆಮ್ಲಜನಕ ಕಡಿಮೆ. ಆ ಕೊರತೆಯೇ ರಕ್ತನಾಳಗಳಿಗೆ ಬೆಳೆಯಿರೆಂಬ ಕರೆ. ಅವಧಿಗೆ ಮುನ್ನ ಹುಟ್ಟಿದ ಮಗು ಗಾಳಿಗೆ, ಹಲವು ವೇಳೆ ಹೆಚ್ಚುವರಿ ಆಮ್ಲಜನಕಕ್ಕೆ ಒಡ್ಡಿಕೊಂಡಾಗ ಕರೆ ನಿಲ್ಲುತ್ತದೆ. ನಾಳಗಳು ಅರ್ಧದಾರಿಯಲ್ಲೇ ನಿಲ್ಲುತ್ತವೆ. ಕೆಲವು ವಾರಗಳಲ್ಲಿ ಅಂಚಿನ ಕೋಶಗಳು ಬೆಳೆದು ಆಮ್ಲಜನಕಕ್ಕೆ ಹಸಿಯುತ್ತವೆ, ಬೆಳವಣಿಗೆಯ ರಾಸಾಯನಿಕವನ್ನು ಮಿತಿಮೀರಿ ಸುರಿಸುತ್ತವೆ. ಆಗ ನಾಳಗಳು ಅಕ್ಷಿಪಟಲ ಬಿಟ್ಟು ಕಣ್ಣಿನ ನಡುವಣ ದ್ರವದ ಕಡೆಗೆ ಅಡ್ಡಾದಿಡ್ಡಿ ಬೆಳೆದು, ಕಲೆಗಟ್ಟಿ, ಅಕ್ಷಿಪಟಲವನ್ನು ಎಳೆದು ಅದರ ಅಡುಗೆಮನೆಯಿಂದ ಬಿಡಿಸಿಬಿಡುತ್ತವೆ. ಬಾಸ್ಟನ್ನಿನ ಟೆರಿ ಇದನ್ನು ಮೊದಲು ವರ್ಣಿಸಿದ್ದು 1942ರಲ್ಲಿ; ಆಮ್ಲಜನಕದತ್ತ ಬೆರಳು ತೋರಿದ್ದು ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್, 1951ರಲ್ಲಿ. ಹಾಗೆಂದು ಆಮ್ಲಜನಕ ಕೊಡದಿದ್ದರೆ ಕೂಸು ಉಳಿಯದೆ ಹೋದೀತು. ಅಳೆದು ಕೊಡಬೇಕು, ಕಣ್ಣನ್ನು ನೋಡುತ್ತಿರಬೇಕು.

ಪರಿಹಾರ ಸರಳ, ಕಾಲಾವಕಾಶ ಮಾತ್ರ ಕಡಿಮೆ. ನಾಳ ತಲುಪದ ಅಂಚನ್ನು ಲೇಸರಿನಿಂದ ಸುಟ್ಟರೆ ಅದರ ಹಸಿವು, ಅದರ ಕೂಗು ನಿಲ್ಲುತ್ತವೆ. ಅಂಚಿನ ನೋಟವನ್ನು ತೆತ್ತು ಫೋವಿಯವನ್ನು ಉಳಿಸಿಕೊಂಡಂತಾಯಿತು. ಕೆಲವು ಮಕ್ಕಳಿಗೆ ಕಣ್ಣಿನೊಳಗೆ ಚುಚ್ಚುಮದ್ದು ಕೊಡುವುದೂ ಉಂಟು. ರೋಗ ಆ ಮಟ್ಟ ಮುಟ್ಟಿತೆಂದು ತಿಳಿದ ಮೇಲೆ ಎರಡು-ಮೂರು ದಿನಗಳೊಳಗೆ ಚಿಕಿತ್ಸೆ ಆಗಬೇಕು. ಹೊರಗಿನಿಂದ ಕಣ್ಣು ನಿರ್ಮಲವಾಗಿಯೇ ಕಾಣುವುದರಿಂದ ತಾಯಿಗೆ ಸುಳಿವು ಸಿಗುವುದಿಲ್ಲ.

ನುರಿತ ಅಕ್ಷಿಪಟಲ ತಜ್ಞರು ದೊಡ್ಡ ನಗರಗಳಲ್ಲಿ. ಕೂಸುಗಳು ಜಿಲ್ಲೆ, ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ. ಈ ದೂರವನ್ನು ಕಳೆಯಲು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಕಿಡ್ರಾಪ್ ಎಂಬ ಯೋಜನೆ ಆರಂಭವಾಯಿತು; ರಾಜ್ಯದ ಆರೋಗ್ಯ ಇಲಾಖೆಯೂ ಕೈಜೋಡಿಸಿತು. ತರಬೇತಾದ ತಂತ್ರಜ್ಞರು ಅಗಲ ನೋಟದ ಕ್ಯಾಮೆರಾ ಹೊತ್ತು ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಅಕ್ಷಿಪಟಲದ ಚಿತ್ರ ತೆಗೆದು ಸ್ಥಳದಲ್ಲೇ ಮೊದಲ ತೀರ್ಮಾನ ಮಾಡುತ್ತಾರೆ. ತಜ್ಞರು ಬೆಂಗಳೂರಿನಲ್ಲೇ ಕುಳಿತು ಫೋನಿನ ಪರದೆಯ ಮೇಲೆ ಅದನ್ನು ನೋಡಿ ಸೂಚನೆ ಕೊಡುತ್ತಾರೆ. ಮೊದಲು ದಕ್ಷಿಣದ ಜಿಲ್ಲೆಗಳಲ್ಲಿದ್ದ ಈ ಕೆಲಸ ಮುಂದೆ ಉತ್ತರ ಕರ್ನಾಟಕಕ್ಕೂ ಬಂತು.

ಭಾರತದಲ್ಲಿ ಬಳಕೆಯಲ್ಲಿರುವ ನಿಯಮ ಹೀಗಿದೆ: 34 ವಾರಗಳಿಗೆ ಮೊದಲು ಹುಟ್ಟಿದ ಅಥವಾ 2,000 ಗ್ರಾಮಿಗಿಂತ ಕಡಿಮೆ ತೂಕದ ಪ್ರತಿ ಮಗುವಿನ ಅಕ್ಷಿಪಟಲವನ್ನೂ ಹುಟ್ಟಿದ 30 ದಿನಗಳೊಳಗೆ ಪರೀಕ್ಷಿಸಬೇಕು, ತೀರ ಚಿಕ್ಕವನ್ನು ಎರಡು-ಮೂರು ವಾರಗಳಲ್ಲೇ. ಮಗು ಆಸ್ಪತ್ರೆಯಿಂದ ಮನೆಗೆ ಬಂದಿದ್ದರೂ ಈ ಮೂವತ್ತು ದಿನಗಳ ಎಣಿಕೆ ಹುಟ್ಟಿದ ದಿನದಿಂದಲೇ. ಒಮ್ಮೆ ನೋಡಿದರೆ ಮುಗಿಯದು. ನಾಳಗಳು ಅಂಚು ಮುಟ್ಟುವವರೆಗೂ ವಾರಕ್ಕೋ ಹದಿನೈದು ದಿನಕ್ಕೋ ಮತ್ತೆ ಹೋಗಬೇಕು. ಲೇಸರ್ ಆದ ಮಕ್ಕಳಲ್ಲಿ ಹಲವರಿಗೆ ಮುಂದೆ ಸಮೀಪದೃಷ್ಟಿ ಬರುತ್ತದೆ. ಅಂಥ ಮಗು ನಿಮ್ಮ ತರಗತಿಯಲ್ಲಿ ಬೋರ್ಡಿನ ಅಕ್ಷರಕ್ಕೆ ಕಣ್ಣು ಕಿರಿದು ಮಾಡುತ್ತಿದ್ದರೆ ಅದನ್ನು ಮೊದಲ ಸಾಲಿಗೆ ಕರೆದು ಕೂರಿಸಿ, ಕನ್ನಡಕದ ವಿಷಯವನ್ನು ಮನೆಯವರಿಗೆ ಹೇಳಿ ಕಳಿಸಿ.